ಕಪ್ಪೆಚಿಪ್ಪಿಗೆ ಮಡಿಸ್ನಾನ

ಸಮುದ್ರದ ನೀರು ತುಂಬಿ ಹವಳ ಬೆಳೆಸುವ ಗಾಜಿನ ತೊಟ್ಟಿಯನ್ನು ಮೈಲಾಪೂರಿನ ನಮ್ಮ ಫ್ಲಾಟಿನ ನಡುಮನೆಯಲ್ಲಿ ನಾನು ಸ್ಥಾಪಿಸಿ ಆರು ತಿಂಗಳಾಗಿತ್ತು. ಅದರಲ್ಲೊಂದು ಜೀವಂತ ಕಪ್ಪೆಚಿಪ್ಪನ್ನು ಸಾಕಬೇಕೆಂಬ ಸದುದ್ದೇಶ ಮೂಡಿತು. ತಪ್ಪಾಗಲು ಸಾಧ್ಯವೇ ಇರಲಿಲ್ಲ; ಏಕೆಂದರೆ ನಾನು ಪುಸ್ತಕ ಓದಿದ್ದೆ.

ಆಕ್ಷೇಪ ಬಂದದ್ದು ಹೆಂಡತಿ ವನಜಳಿಂದ.

“ಏನ್ರೀ, ಏಕಾದಶಿ ಮಾಡೋ ಮನೇಲಿ ಅದಕ್ಕೆ ತಿನ್ನಕ್ಕೆ ಏನ್ ಹಾಕ್ತೀರಿ? ಸೀಗಡೀನಾ?”

“ಏನೂ ಬೇಡ. ಅದರ ಮೈಯೊಳಗೇ ಪಾಚಿ ಇದೆ. ಬೆಳಕು ಬಿದ್ರೆ ಅಡಿಗೆ ಆಗೋಗತ್ತೆ. ನಮಗಿಂತ ಮಡಿ.”

“ಸರಿ. ಆದ್ರೆ ಈ ಮನೇಲಿ ಅದರ ಜೀವ ಹೋಗಕೂಡದು. ಹೋಯ್ತೋ, ತೊಟ್ಟೀನೇ ಆಚೆ.”

ನಾನು ಗಂಭೀರವಾಗಿ ವಚನ ಕೊಟ್ಟೆ.

ಅಂಗಡಿಯಲ್ಲಿ, ಸಾಕಲು ಅತಿ ಸುಲಭವೆಂದು ಹೆಸರಾದ ದೆರಾಸ ಜಾತಿಯದನ್ನೇ ಆರಿಸಿದೆ. ಮೇಲೆ ಕೈಯಾಡಿಸಿ ನೆರಳು ಬೀಳಿಸಿದೆ. ತಕ್ಷಣ ಚಿಪ್ಪು ಮುಚ್ಚಿತು. ಚುರುಕಾಗಿದೆಯೆಂದು ತೇರ್ಗಡೆ ಮಾಡಿದೆ. ಇಲ್ಲಿಯವರೆಗೆ ನನ್ನ ನಡತೆ ನಿರ್ದೋಷ.

ಪೇಟೆಯಿಂದ ಬಂದದ್ದು ಬದನೆಯಾಗಲಿ ಬಾಳೆಹಣ್ಣಾಗಲಿ, ನಲ್ಲಿಯ ಕೆಳಗೆ ತೊಳೆಯದೆ ಒಳಗೆ ಹೋಗಕೂಡದೆಂಬುದು ನಮ್ಮಜ್ಜಿಯ ಕಾಲದ ಕಟ್ಟಳೆ. ಮನೆಗೆ ಬಂದೊಡನೆ ನನ್ನ ಕೈ, ನನ್ನನ್ನು ಕೇಳದೆ, ಆ ಕಟ್ಟಳೆಯನ್ನು ಪಾಲಿಸಿತು. ಸಮುದ್ರವಾಸಿಯನ್ನು ಚೀಲದಿಂದ ತೆಗೆದು, ಕ್ಲೋರಿನ್ ಘಮಘಮಿಸುವ ನಲ್ಲಿ ನೀರಿನಲ್ಲಿ ಹಿಂದೆ ಮುಂದೆ ಉಜ್ಜಿ ತೊಳೆದೆ. ತಪ್ಪು ಹೊಳೆದದ್ದು ಒರೆಸುವಾಗ.

ತೊಟ್ಟಿಗೆ ಬಿಟ್ಟೆ. ಮುಚ್ಚಿದ ಚಿಪ್ಪು ತೆರೆಯಲಿಲ್ಲ. ಮರುದಿನ ಬೆಳಿಗ್ಗೆಯೂ ತೆರೆಯಲಿಲ್ಲ. ಅಂಗಡಿಯವನಿಗೆ ಫೋನು ಮಾಡಿದೆ.

“ಮೂಸಿ ನೋಡಿ ಸಾರ್. ಸತ್ತಿದ್ರೆ ನಾತ ಬರತ್ತೆ” ಎಂದ.

ಮೂಸಿದೆ. ಬಂತು. ವನಜಳೂ ಒಮ್ಮೆ ಮೂಸಿ, ಸೆರಗಿನಿಂದ ಮೂಗು ಮುಚ್ಚಿಕೊಂಡಳು. “ಸತ್ತು ಹದಿನೈದು ದಿನ ಆಗಿರ್ಬೇಕು.”

ಆದರೆ ಬದುಕಿರುವ ಕಪ್ಪೆಚಿಪ್ಪಿನ ವಾಸನೆ ಹೇಗಿರುತ್ತದೆ? ನಮ್ಮ ವಂಶದ ಯಾವ ಮೂಗಿಗೂ ಆ ಅನುಭವವಿಲ್ಲ. ತಜ್ಞರ ಅಭಿಪ್ರಾಯ ಅಗತ್ಯವಾಯಿತು.

ತೊಟ್ಟಿಯ ನೀರು ತುಂಬಿದ ಬಕೆಟ್ಟಿನಲ್ಲಿ ಅದನ್ನಿಟ್ಟುಕೊಂಡು ಹಿಂದಿನ ಬೀದಿಗೆ ಓಡಿದೆ. ಕಾಸಿಮೇಡಿನ ಬಂದರಿನಿಂದ ಮೀನು ತಂದು ಮಾರುವ ಮುದುಕಿ ಅಂಜಲೈ ಅದನ್ನೆತ್ತಿ, ಮೂಸುವ ಗೊಡವೆಗೇ ಹೋಗದೆ ನಕ್ಕಳು.

“ಇದು ಕೂಡ ತೆರಿಯಾದಾ ಸಾಮಿ? ಸೆತ್ತಾ ವಾಯ್ ತೊರಕ್ಕುಂ. ಮೂಡಿಯಿರುಂದಾ ಉಯಿರು ಇರುಕ್ಕು.”

ಇಷ್ಟೂ ಗೊತ್ತಿಲ್ಲವೇ ಎಂದಳು. ಸತ್ತದ್ದು ಬಾಯಿ ತೆರೆಯುತ್ತದಂತೆ. ಬಿಗಿಯಾಗಿ ಮುಚ್ಚಿದ್ದು ಬದುಕಿದೆಯಂತೆ. ಬಾಯಿ ಮುಚ್ಚಿದ್ದಕ್ಕೆ ನಾನು ಒಂದು ದಿನ ಸೂತಕ ಹಿಡಿದಿದ್ದೆ! ಅವಳು ಅಲ್ಲಿಗೇ ಬಿಡಲಿಲ್ಲ. ಕೊಳಂಬು, ಅಂದರೆ ಹುಳಿಸಾರು, ಮಾಡುವುದಾದರೆ ಹುಣಿಸೆಹಣ್ಣು ಸ್ವಲ್ಪ ಕಮ್ಮಿ ಹಾಕಬೇಕೆಂದು ಸಲಹೆ ಕೊಟ್ಟಳು, ಗಟ್ಟಿ ದನಿಯಲ್ಲಿ.

ಆಗಲೇ ನಮ್ಮ ಮನೆಯ ಶ್ರಾದ್ಧ ಮಾಡಿಸುವ ಆಚಾರ್ಯರು ಎದುರಾದರು. ಬಕೆಟ್ ನೋಡಿದರು. ಮೀನಿನ ಬುಟ್ಟಿ ನೋಡಿದರು. ಹುಣಿಸೆಹಣ್ಣಿನ ಸಲಹೆಯನ್ನು ಪೂರ್ತಿ ಕೇಳಿಸಿಕೊಂಡು, ರಸ್ತೆಯ ಆ ಬದಿಗೆ ದಾಟಿದರು.

“ಜೀವ ಇದೆ” ಎಂದು ಬಾಗಿಲಲ್ಲಿ ಘೋಷಿಸಿದೆ. ವನಜ ಬಕೆಟ್ ಇಸಿದುಕೊಂಡು ಕಪ್ಪೆಚಿಪ್ಪನ್ನು ತಾನೇ ತೊಟ್ಟಿಗೆ ಇಳಿಸಿದಳು. ನಾನು ಹೊಸ್ತಿಲು ದಾಟುವಷ್ಟರಲ್ಲಿ ಕೈ ಅಡ್ಡ ಬಂತು.

“ಮೀನು ಬುಟ್ಟಿ ಹತ್ರ ನಿಂತು ಬಂದಿದೀರಿ. ಹಾಗೇ ಒಳಗೆ ಬರಕೂಡದು.”

“ಮತ್ತೆ ಅದು?”

“ಅದಕ್ಕೆ ನಿನ್ನೇನೇ ಆಗಿದೆ ಸ್ನಾನ.”

ಕೆಳಗಿನ ಅಂಗಳದ ನಲ್ಲಿಯಡಿ ಬಟ್ಟೆ ಸಮೇತ ಕೂತೆ. ಕಪ್ಪೆಚಿಪ್ಪು ಬಾಯಿ ತೆರೆದಿದೆಯೆಂದೂ, ಕೈಯ ನೆರಳು ಬಿದ್ದರೆ ಥಟ್ಟನೆ ಮುಚ್ಚಿಕೊಳ್ಳುತ್ತಿದೆಯೆಂದೂ ವನಜ ಬಾಲ್ಕನಿಯಿಂದ ಕೂಗಿ ಹೇಳಿದಳು. ಆ ಕೂಗಿಗೆ ಮೂರೂ ಮಹಡಿಯ ಮಾಮಿಯರು ಹೊರಗೆ ಬಂದು ಬಗ್ಗಿ ನೋಡಿದರು. ಮುಚ್ಚಿಕೊಳ್ಳೋಣವೆಂದರೆ, ನನಗೆ ಚಿಪ್ಪೂ ಇರಲಿಲ್ಲ.