ಏಳನೇ ಸಾಲಿನ ವೈನನ್ನು ರುಚಿ ನೋಡದೆಯೇ ಬಣ್ಣಿಸಲು ಅನುಮತಿ ಕೋರಿ

ಇಂದ:
ಮುಹ್ಲಿಸ್, ಹಿರಿಯ ಮಾಣಿ
(ಸೇವೆ ಇಪ್ಪತ್ತೆರಡು ವರ್ಷ; ಕುಡಿದದ್ದು ಒಂದು ತೊಟ್ಟೂ ಇಲ್ಲ),
ಕಿರ್ಲಾಂಗಿಚ್ ಊಟದ ಮನೆ, ಬಂದರು ಬೀದಿ, ಶಾರ್ಕೊಯ್, ತುರ್ಕಿ.

ಗೆ:
ನೆರ್ಮಿನ್ ಹಾನಿಮ್ ಅವರು, ಮಾಲೀಕರು,
ಅದೇ ಊಟದ ಮನೆ, ಗಲ್ಲಾಪೆಟ್ಟಿಗೆಯ ಹಿಂದೆ.

ವಿಷಯ: ನಾಲ್ಕನೇ ಮೇಜಿನ ಮಟ್ಟಿಗೆ ಬಾಯಿ ತೆರೆಯಲು ಅನುಮತಿ ಕೋರಿ.

ಉಲ್ಲೇಖ:
1. "ರುಚಿ ನೋಡದವರು ವೈನ್ ಬಗ್ಗೆ ಬಾಯಿ ಬಿಡಕೂಡದು. ಗಿರಾಕಿಗಳು ಫೋನಿನಲ್ಲಿ ಓದಿಕೊಳ್ಳಲಿ": ಫ್ರಿಜ್ಜಿನ ಬಾಗಿಲಿಗೆ ಅಂಟಿಸಿರುವ ತಮ್ಮ ಆದೇಶ.
2. "ನೀನು ಕುಡಿಯೋದು ಬೇಡ ಮುಹ್ಲಿಸ್, ಕುಡಿದೋರು ಹೇಳೋದನ್ನ ಕೇಳಿಸ್ಕೋ": ದಿವಂಗತರಾದ ತಮ್ಮ ತಂದೆಯವರ ಬಾಯಿಮಾತಿನ ಆದೇಶ, ಈರುಳ್ಳಿ ಹೆಚ್ಚುತ್ತಿದ್ದಾಗ ಹೊರಡಿಸಿದ್ದು.

ಮಾನ್ಯ ಹಾನಿಮ್ ಅವರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಅರ್ಜಿದಾರನು ತಲೆಬಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಅರ್ಜಿದಾರನನ್ನು ಸಾಕಿದ ಅಜ್ಜ ಹಳ್ಳಿಯ ಮಸೀದಿಯಲ್ಲಿ ದೇವರ ಪದ್ಯಗಳನ್ನು ರಾಗವಾಗಿ ಹೇಳುತ್ತಿದ್ದವರು. ಕಾರಣ, ಕಿವಿಗೆ ಬಿದ್ದದ್ದು ಅರ್ಜಿದಾರನ ನೆನಪಿನಿಂದ ಜಾರುವುದಿಲ್ಲ. ಕಾರಣ, ಪಟ್ಟಿಯಲ್ಲಿರುವ ಹನ್ನೊಂದು ವೈನುಗಳ ಬಗ್ಗೆ ಗಿರಾಕಿಗಳು ಆಡಿದ ಒಳ್ಳೆಯ ಮಾತುಗಳೆಲ್ಲ ಅವನಿಗೆ ಬಾಯಿಪಾಠ. ಉದಾಹರಣೆಗೆ, ಎರಡನೇ ಸಾಲಿನ ವೈನು "ಕಲ್ಲಂಗಡಿ ಕೊಯ್ದ ಚಾಕು ತೊಳೆದ ನೀರು". ತೆರಿಗೆ ಕಚೇರಿಯ ಒಬ್ಬರು ಇದನ್ನು ದೂರಿನ ರೂಪದಲ್ಲಿ ಹೇಳಿದ್ದರು. ಆದರೂ ಬೇಸಿಗೆಯಲ್ಲಿ ಜನ ಈ ಮಾತು ಕೇಳಿಯೇ ಅದನ್ನು ತರಿಸಿಕೊಳ್ಳುತ್ತಾರೆ.

2. ಇಸ್ತಾಂಬುಲ್‌ನಿಂದ ತಾವು ಕರೆಸಿದ ಸಲಹೆಗಾರ ತೋಲ್ಗಾ ಬೇ ಅವರು ವೈನುಗಳ ವಿವರಣೆ ಬರೆದು ಫೋನಿಗೆ ಹಾಕಿದ ಮೇಲೆ ಮಾಣಿಗಳಿಗೆ ರುಚಿ ಪರೀಕ್ಷೆ ನಡೆಸಿದರು. ಸಹೋದ್ಯೋಗಿ ಎರ್ಜಾನ್ ಹನ್ನೊಂದನ್ನೂ ಕುಡಿದು, ಹನ್ನೊಂದಕ್ಕೂ "ಚೆನ್ನಾಗಿದೆ" ಎಂದು ತೇರ್ಗಡೆಯಾದನು. ಆಮೇಲೆ ಹಿಟ್ಟಿನ ಮೂಟೆಗಳ ಮೇಲೆ ಎರಡು ಗಂಟೆ ಮಲಗಿದ್ದನು. ಅವನ ಮೇಜುಗಳನ್ನು ಅನುತ್ತೀರ್ಣನಾದ ಅರ್ಜಿದಾರನೇ ನೋಡಿಕೊಂಡನು. ಪರೀಕ್ಷೆಯ ವೇಳೆ ಅವನಿಗೂ ಅರ್ಜಿದಾರನಿಗೂ ನಡೆದ ಮಾತು ಹೀಗಿದೆ:
"ಒಂದೇ ಚಮಚ, ಮುಹ್ಲಿಸ್ ಅಣ್ಣಾ. ಔಷಧಿ ಅಂದ್ಕೊಂಡು ನುಂಗಿಬಿಡು."
"ಕಾಯಿಲೆ ಬಂದಾಗ ಹೇಳ್ತೀನಿ, ತಮ್ಮಾ."

3. ಪಟ್ಟಿಯ ಏಳನೇ ಸಾಲಿನದು ಬೊವಾಜ್ಕೆರೆ ದ್ರಾಕ್ಷಿಯ ಕಡುಗೆಂಪು ವೈನು, ಹೆಸರಿನ ಅರ್ಥಕ್ಕೆ ತಕ್ಕಂತೆ ಗಂಟಲು ಕೆರೆಯುವಂಥದ್ದು. ಅದನ್ನು ತರಿಸುತ್ತಿದ್ದವರು ಒಬ್ಬರೇ, ನಿವೃತ್ತ ಅಂಚೆ ಮಾಸ್ತರ್ ಫೆರಿದುನ್ ಬೇ. ಪ್ರತಿ ಬುಧವಾರ ಮಧ್ಯಾಹ್ನ ಹೆಂಡತಿ ಮೆಲಾಹತ್ ಹಾನಿಮ್ ಜೊತೆ ನಾಲ್ಕನೇ ಮೇಜಿಗೆ ಬಂದು, "ಏಳನೇದು ಹೇಗಿದೆ, ಮುಹ್ಲಿಸ್?" ಎಂದು ಕೇಳುತ್ತಿದ್ದರು. ಮೊದಲ ಸಲ ಕುಡಿದಾಗ ಅವರೇ ಆಡಿದ್ದ ಮಾತನ್ನು ಅರ್ಜಿದಾರ ಅವರಿಗೇ ಒಪ್ಪಿಸುತ್ತಿದ್ದನು: "ನಮ್ಮ ಮಾವನ ಹಾಗೆ. ಬಾಗಿಲಲ್ಲೇ ಗದರುತ್ತೆ. ಒಳಗೆ ಹೋಗಿ ಕೂತ್ರೆ ಮಾತ್ರ ಏಳೋಕೆ ಬಿಡಲ್ಲ." ಆಗ ಆಕೆ, "ನಮ್ಮಪ್ಪ ಇನ್ನೂ ನಾಲ್ಕು ಗದರಬೇಕಿತ್ತು ನಿಮಗೆ!" ಎನ್ನುತ್ತಿದ್ದರು. ಇದಾದ ಮೇಲೆಯೇ ಬಿರಡೆ ತೆಗೆಯುತ್ತಿದ್ದುದು. ರಂಜಾನ್ ತಿಂಗಳಲ್ಲಿ ಫೆರಿದುನ್ ಬೇ ಕುಡಿಯುತ್ತಿರಲಿಲ್ಲ. ಆಗಲೂ ಇಫ್ತಾರ್ ಹೊತ್ತಿಗೆ ಬಂದು, ಏಳನೇ ಸಾಲನ್ನು ಹೇಳಿಸಿಕೊಂಡು, ಬೇಳೆ ಸಾರು ಕುಡಿದು ಹೋಗುತ್ತಿದ್ದರು. ಆದ್ದರಿಂದ, ಆ ಮಾತಿಗೆ ವೈನಿನ ಹಂಗಿಲ್ಲವೆಂಬುದು ತಮ್ಮ ಗಮನಕ್ಕೆ.

4. ಫೆರಿದುನ್ ಬೇ ಕಳೆದ ವರ್ಷ ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ತೀರಿಕೊಂಡರು. ನಲವತ್ತು ದಿನ ಕಳೆದ ಮೇಲಿನ ಬುಧವಾರ ಮೆಲಾಹತ್ ಹಾನಿಮ್ ಒಬ್ಬರೇ ಬಂದು, "ಏಳನೇದು ಹೇಗಿದೆ?" ಎಂದರು. ಅರ್ಜಿದಾರ ಹೇಳಿದ. ಆಕೆ ಎದುರಿನ ಖಾಲಿ ಕುರ್ಚಿಯನ್ನು ನೋಡಿ ತಮ್ಮ ಪಾಲಿನ ಮಾತು ಆಡಿದರು. ಅಂದಿನಿಂದ ಪ್ರತಿ ಬುಧವಾರ ಹೀಗೆಯೇ ನಡೆದುಬಂದಿತ್ತು.

5. ಕಳೆದ ಬುಧವಾರ ಅರ್ಜಿದಾರನು ಉಲ್ಲೇಖ (1)ರ ಆದೇಶವನ್ನು ಪಾಲಿಸಿದನು. ಆಕೆ ಕೇಳಿದಾಗ ಫೋನಿನಲ್ಲಿ ಓದಿಕೊಳ್ಳುವಂತೆ ಕೈಸನ್ನೆ ಮಾಡಿ, ಲೋಟಕ್ಕೆ ಸುರಿದನು. ಆಕೆ ಕನ್ನಡಕ ಹಾಕಿಕೊಂಡು ಓದಿದರು: "ಕಪ್ಪು ಹಣ್ಣು, ತೊಗಲು, ದೀರ್ಘ ಮುಕ್ತಾಯ."
"ಯಾರ ಮಾತು ಇದು?"
"ತೋಲ್ಗಾ ಬೇ ಅವರದು, ಹಾನಿಮ್."
"ಅವರು ನಮ್ಮಪ್ಪನ್ನ ನೋಡಿದ್ರಾ?"
"ಇಲ್ಲ, ಹಾನಿಮ್."
ಆಕೆಯ ಪಾಲಿನ ಮಾತು ಬಾಯಿಯವರೆಗೆ ಬಂದಿತ್ತು, ಆಡಲು ಎಡೆ ಸಿಗಲಿಲ್ಲ. ಲೋಟ ಮುಟ್ಟದೆ ಎದ್ದು ಕೋಟು ಹಾಕಿಕೊಂಡರು. "ಮರೆತಿದ್ರೆ ಮರೆತೆ ಅನ್ನಿ, ಮುಹ್ಲಿಸ್ ಎಫೆಂದಿ. ನಮಗೆಲ್ಲ ವಯಸ್ಸಾಯ್ತು," ಎಂದು ಅರ್ಜಿದಾರನ ತೋಳು ತಟ್ಟಿ ಹೋದರು.

6. ಅರ್ಜಿದಾರನು ಮರೆತಿಲ್ಲ.

ಆದ್ದರಿಂದ, ತೋಲ್ಗಾ ಬೇ ಅವರ ಪಾಂಡಿತ್ಯಕ್ಕೆ ಯಾವ ಕುಂದೂ ಬಾರದಂತೆ, ಬುಧವಾರಗಳಂದು, ನಾಲ್ಕನೇ ಮೇಜಿನಲ್ಲಿ, ಏಳನೇ ಸಾಲಿನ ಬಗ್ಗೆ ಮೂರು ವಾಕ್ಯ ಮೀರದಂತೆ ಮಾತನಾಡಲು ಅರ್ಜಿದಾರನಿಗೆ ಅನುಮತಿ ದಯಪಾಲಿಸಬೇಕಾಗಿ ಪ್ರಾರ್ಥನೆ. ರುಚಿ ನೋಡಲೇಬೇಕೆಂಬ ನಿಯಮ ಸಡಿಲವಾಗದಿದ್ದಲ್ಲಿ, ದಿವಂಗತ ಫೆರಿದುನ್ ಬೇ ನೋಡಿದ ರುಚಿಯನ್ನೇ ಅರ್ಜಿದಾರನ ಹೆಸರಿಗೆ ಜಮಾ ಮಾಡಿಕೊಳ್ಳಬಹುದು. ಅವರು ಇಬ್ಬರಿಗಾಗುವಷ್ಟು ನೋಡಿದ್ದಾರೆ.

ಅಡುಗೆಮನೆ ಬಾಗಿಲಲ್ಲಿ ಕಾದು ನಿಂತಿರುವ ತಮ್ಮ ವಿಶ್ವಾಸಿ,
ಮುಹ್ಲಿಸ್

ಲಗತ್ತುಗಳು:
1. ಏಳನೇ ಸಾಲಿನ ಬಾಟಲಿ ಒಂದು. ಬಿರಡೆ ತೆಗೆದದ್ದು, ಒಂದು ಲೋಟ ಸುರಿದದ್ದು, ಯಾರೂ ಕುಡಿಯದ್ದು. (ಅಡುಗೆಯವರು ಇದನ್ನು ಮಾಂಸದ ಸಾರಿಗೆ ಹಾಕದಂತೆ ತಾಕೀತು ಮಾಡುವುದು.)
2. ಮೆಲಾಹತ್ ಹಾನಿಮ್ ಮೇಜಿನ ಮೇಲೆ ಮರೆತು ಬಿಟ್ಟುಹೋದ ಕನ್ನಡಕ.
3. ಆದೇಶ ಉಲ್ಲಂಘಿಸಿದ್ದಕ್ಕಾಗಿ ಅರ್ಜಿದಾರನ ಕ್ಷಮಾಪಣೆ ಪತ್ರ, ಬರುವ ಬುಧವಾರದ ತಾರೀಖು ಹಾಕಿ ಸಹಿ ಮಾಡಿದ್ದು.

ವಿ.ಸೂ.: ಅನುಮತಿ ಸಿಗದಿದ್ದಲ್ಲಿ, ಲಗತ್ತು (3)ನ್ನು ಬುಧವಾರ ಮಧ್ಯಾಹ್ನ ಹನ್ನೆರಡೂವರೆಯೊಳಗೆ ಸ್ವೀಕರಿಸಿ ಮೊಹರು ಹಾಕಿಕೊಡಬೇಕಾಗಿ ಕೋರಿಕೆ. ಆಕೆ ಬರುವುದು ಒಂದು ಗಂಟೆಗೆ.