ಕನಿಷ್ಠ ಕೂಲಿಯೂ ನನ್ನ ಗಿರ್ಮಿಟ್ಟೂ

ಕಾಲೇಜು ಮಾಸ್ತರರಿಗೆ ನಿವೃತ್ತಿಯಾಗುತ್ತದೆ, ಅವರ ಬಾಯಿಗೆ ಆಗುವುದಿಲ್ಲ. ಅರ್ಥಶಾಸ್ತ್ರ ಹೇಳಿಕೊಂಡು ಬದುಕಿದ ನಾನಂತೂ ಈಗ ಕೇಳುವವರು ಸಿಗದೆ, ಧಾರವಾಡದ ನಮ್ಮ ಮನೆಗೆ ಹಾಲು ಹಾಕುವವನಿಗೂ ಬೇಡಿಕೆ, ಪೂರೈಕೆ ಎಂದು ವಿವರಿಸುತ್ತೇನೆ. ಅವನು ಈಚೆಗೆ ಹಾಲಿನ ಪಾಕೀಟನ್ನು ಗೇಟಿಗೇ ತೂಗುಹಾಕಿ ಹೋಗುತ್ತಾನೆ.

ಹೆಂಡತಿ ಸರೋಜಾ ನನ್ನ ಶಾಸ್ತ್ರ ಕೇಳದೆಯೇ ಉದ್ಯಮಿಯಾದಳು. ಹಿತ್ತಲ ಕೋಣೆಯಲ್ಲಿ ಅವಳ ಕಡಕ್ ರೊಟ್ಟಿ ವ್ಯಾಪಾರ. ಬಡಿಯಲು ನೀಲವ್ವ, ಗಂಗವ್ವ. ಪಾಕೀಟು ಕಟ್ಟಲು ನಾನು. ನನಗೂ ದಿನಗೂಲಿ ಉಂಟು, ಸಂಜೆಯ ಗಿರ್ಮಿಟ್, ಮಿರ್ಚಿ ಭಜಿಗೆ ಸಾಕಾಗುವಷ್ಟು. ಮೇಲಾಗಿ ಒಡೆದ ರೊಟ್ಟಿ ನನ್ನ ಹಕ್ಕು. ನಾನು ಕೈಹಾಕಿದ ಮೇಲೆ ರೊಟ್ಟಿ ಒಡೆಯುವುದು ಹೆಚ್ಚಾಗಿದೆ ಎಂಬ ಮಾತು ಮನೆಯಲ್ಲಿದೆ. ಅದಕ್ಕೆ ನಾನು ಕಿವಿಗೊಡುವುದಿಲ್ಲ.

ಮೊನ್ನೆ ಟಿವಿಯಲ್ಲಿ ದೇಶಕ್ಕೆಲ್ಲ ಒಂದೇ ಕನಿಷ್ಠ ಕೂಲಿಯ ಚರ್ಚೆ ನಡೆದಿತ್ತು. ಸುಮ್ಮನೆ ಕೂತು ನೋಡಬಹುದಿತ್ತು. “ಕೂಲಿ ಏರಿತಂದ್ರ ಮಾಲಕರು ಮಂದೀನ ಕಡಿಮಿ ಮಾಡ್ತಾರ. ಇಬ್ಬರು ಇದ್ದಲ್ಲೆ ಒಬ್ಬರು!” ಎಂದು ಹಿತ್ತಲಿಗೂ ಕೇಳುವಂತೆ ಸಾರಿದೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತೇಹೋಯಿತು.

ನೀಲವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಹೆಬ್ಬಳ್ಳಿಯಿಂದ ದಿನಾ ಬಸ್ಸಿಗೆ ಬರುವವಳು. ವಯಸ್ಸಾಗಿ ಕೈ ಸ್ವಲ್ಪ ನಿಧಾನ. “ಅಕ್ಕಾರ, ನನ್ನ ಬಿಡಸ್ತೀರೇನ್ರಿ? ಮಗಳ ನರ್ಸಿಂಗ್ ಇನ್ನೂ ಒಂದ್ ವರ್ಷ ಐತ್ರಿ” ಎಂದು ಅಲ್ಲೇ ಇದ್ದ ಸರೋಜಾಳನ್ನು ಕೇಳಿದಳು. ನನಗೆ ನಿಜಕ್ಕೂ ನಾಚಿಕೆಯಾಯಿತು. ನನ್ನ ಪಾಠದ ಕಾರ್ಮಿಕರು ಯಾರೂ ಹೀಗೆ ಎದುರಿಗೆ ಬಂದು ನಿಂತಿರಲಿಲ್ಲ.

“ರೊಟ್ಟಿ ರೇಟು ಏರಸೇವಿ, ಕೂಲಿ ಏರಸಬಾರದೇನು? ಇಬ್ಬರಿಗೂ ಏರಸ್ತೇನಿ” ಎಂದಳು ಸರೋಜಾ. ಆಮೇಲೆ ನನ್ನತ್ತ ತಿರುಗಿ, “ಆದರ ಒಬ್ಬರನ್ನ ಬಿಡಸಬೇಕಂತ ನಿಮ್ಮ ಶಾಸ್ತ್ರ ಹೇಳತೈತಲ್ರಿ. ಎಂಥವರನ್ನ?” ಎಂದು ಕೇಳಿದಳು.

ಮಾಸ್ತರರಿಗೆ ಪ್ರಶ್ನೆ ಕೇಳಿದರೆ ಮುಗಿಯಿತು, ಉತ್ತರ ತಾನಾಗಿ ಬರುತ್ತದೆ. “ಕೆಲಸ ಕಡಿಮಿ, ಖರ್ಚು ಜಾಸ್ತಿ ಇರೋರನ್ನ” ಎಂದುಬಿಟ್ಟೆ. ಬಾಗಿಲಿಗೆ ಬಂದಿದ್ದ ಗಂಗವ್ವನೂ ಸೇರಿ ಮೂವರೂ ನನ್ನನ್ನೇ ನೋಡಿದರು.

ಮರುದಿನದಿಂದ ಪಾಕೀಟನ್ನೂ ಅವರೇ ಕಟ್ಟುತ್ತಾರೆ. ರೊಟ್ಟಿ ಒಡೆಯುವುದು ನಿಂತಿದೆಯಂತೆ. ನನ್ನ ಸಿದ್ಧಾಂತ ನನ್ನ ಮನೆಯಲ್ಲೇ ಸಾಬೀತಾಯಿತೆಂಬ ಹೆಮ್ಮೆಯೇನೋ ಇದೆ, ಹೆಮ್ಮೆಗೆ ಯಾರೂ ಗಿರ್ಮಿಟ್ ಕೊಡುವುದಿಲ್ಲ.

ನಿನ್ನೆ ಸಂಜೆ ಮರ್ಯಾದೆ ಬದಿಗಿಟ್ಟು ಹಿತ್ತಲ ಬಾಗಿಲಲ್ಲಿ ನಿಂತು, “ಅರ್ಧ ಕೂಲಿಗೆ ಬರ್ತೇನಿ, ತಗೋ” ಎಂದೆ.

ಸರೋಜಾ ತಲೆ ಎತ್ತಲಿಲ್ಲ. “ಕನಿಷ್ಠಕ್ಕಿಂತ ಕಡಿಮಿ ಕೊಟ್ರ ಕಾಯ್ದೆಕ್ಕ ವಿರುದ್ಧ ಆಗತೈತ್ರಿ. ಓದಿದವರು ನೀವು, ಹಂಗ ಕೇಳಬಾರದು.”

ನೀಲವ್ವ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಆಮೇಲೆ ರೊಟ್ಟಿಯ ಅಟ್ಟಿಯಿಂದ ಒಂದು ಇಡೀ ರೊಟ್ಟಿ ತೆಗೆದು, ಪಟ್ಟನೆ ಮುರಿದು ನನ್ನ ಕೈಗಿಟ್ಟಳು. “ತಗೋರಿ ಸರ್ರ, ಇದು ಒಡದೈತಿ.”