ಹದಿನೇಳನೆಯ ನಂಬರಿನ ಮರ

ಬೋರಯ್ಯನವರು ಸನ್ಮಾನಕ್ಕೆ ಒಪ್ಪಿದ್ದು ಎರಡು ನಿಮಿಷದ ಮಾತಿಗಾಗಿ. ಘಟ್ಟದ ಮಳೆಕಾಡನ್ನು ಮೂವತ್ತನಾಲ್ಕು ವರ್ಷ ಕಾದು, ನಿವೃತ್ತರಾಗಿ ಬಿಂಡಿಗನವಿಲೆಗೆ ಮರಳಿದ್ದ ಅವರಿಗೆ ಶಾಲಿನ ಆಸೆ ಇರಲಿಲ್ಲ. ಹಿಂದೊಮ್ಮೆ ಆ ಕಾಡಿನಿಂದ ನಲವತ್ತು ಧೂಪದ ಮರದ ಬೀಜ ತಂದು, ನೀರಿರುವ ಜಾಗವೆಂದು ಕಿಕ್ಕೇರಿ ಕೆರೆಯ ಕೆಳಗೆ ನೆಟ್ಟಿದ್ದರು. ಮೂವತ್ತೊಂಬತ್ತು ಸತ್ತವು. ಉಳಿದ ಒಂದರ ತೊಗಟೆ ಕೆತ್ತಿ, ರಸ್ತೆ ಅಗಲ ಮಾಡುವವರು ಕಡಿಯುವ ಗುರುತಾಗಿ ಕೆಂಪು ಬಣ್ಣದಲ್ಲಿ ೧೭ ಎಂದು ಬರೆದಿದ್ದರು. ಕಿಕ್ಕೇರಿಯ ಸಭೆಗೆ ರಸ್ತೆಯ ಅಧಿಕಾರಿಯೂ ಬರುವರು; ಅವರೆದುರು ಮೈಕಿನಲ್ಲಿ ಆ ಮರವನ್ನು ಬಿಡಿಸಿಕೊಳ್ಳಬೇಕು. ಇದು ಬೋರಯ್ಯನವರ ಲೆಕ್ಕ.

ಬಸ್ಸಿಳಿಯುತ್ತಲೇ, ಸನ್ಮಾನ ಏರ್ಪಡಿಸಿದ್ದ ಸಂಘದ ಕಾರ್ಯದರ್ಶಿ ನಿಂಗರಾಜು ಹಾರ ಹಾಕಿದ.

"ಮೊದ್ಲು ಕೆರೆ ತಾವ್ಕೆ ಓಗ್ಬುಟ್ಟು ಬರಾನ ಕಣ್ಲಾ. ಆ ಮರದ ಇಸ್ಯ..." ಎಂದರು ಬೋರಯ್ಯನವರು.

"ಮೈಕಲ್ಲಿ ಏಳಿ ಬೋರಣ್ಣ. ಇಲ್ಲೇ ಏಳ್ಬುಟ್ರೆ ಜನಕ್ಕೆ ಏನು ಉಳೀತದೆ?"

ಸಭಾಭವನದಲ್ಲಿ ತಲೆಗೆ ಮೈಸೂರು ಪೇಟ ಏರಿತು. ಅಳತೆಗೆ ಚಿಕ್ಕದಾದ ಅದು ಉಕ್ಕುವ ಪಾತ್ರೆಯ ಮೇಲಿನ ತಟ್ಟೆಯಂತೆ ಕುಳಿತಿತ್ತು. ಬೋರಯ್ಯನವರು ಅಧ್ಯಕ್ಷ ಚಿಕ್ಕಸ್ವಾಮಿಯ ಕಿವಿಯತ್ತ ಬಾಗಿದರು.

"ಸ್ವಾಮಣ್ಣ, ಕೆರೆ ತಾವು..."

"ಅಲ್ಲಾಡ್ಬ್ಯಾಡಿ ಬೋರಣ್ಣ, ಫೋಟೋ ಕೆಡ್ತದೆ!"

ಹನ್ನೊಂದು ಭಾಷಣ, ತಲಾ ಹದಿನೈದು ನಿಮಿಷ, ತಲಾ ಒಂದು ಶಾಲು. ಒಟ್ಟು ಎರಡು ಗಂಟೆ ನಲವತ್ತೈದು ನಿಮಿಷ. ಒಬ್ಬರು, ಬೋರಯ್ಯನವರು ಸಿಂಹಗಳಿಗೂ ಹೆದರಲಿಲ್ಲವೆಂದರು. ಘಟ್ಟದಲ್ಲಿ ಸಿಂಹಗಳಿಲ್ಲ. ಮೇ ತಿಂಗಳ ಸೆಕೆಯಲ್ಲಿ, ಶಾಲುಗಳ ನಡುವೆ, ಅವರು ಬೇಯಲು ಇಟ್ಟ ಗೆಣಸಿನಂತೆ ಕಾಯುತ್ತ ಕುಳಿತರು. ಅಧಿಕಾರಿ ಗಡಿಯಾರ ನೋಡಿದರು, ಆದರೆ ಏಳಲಿಲ್ಲ. ಬೋರಯ್ಯನವರಿಗೆ ಅಷ್ಟೇ ಸಾಕಾಗಿತ್ತು.

ಕೊನೆಗೆ ಸ್ಮರಣಿಕೆ ಬಂತು: ನುಣುಪಾಗಿ ಉಜ್ಜಿದ, ತಟ್ಟೆಯಗಲದ ಹಲಗೆ. ಮುಂದೆ 'ಮಳೆಕಾಡಿನ ರಕ್ಷಕ' ಎಂದು ಕೆತ್ತಿತ್ತು. ಪರಿಚಿತವಾದ ವಾಸನೆ ಮೂಗಿಗೆ ತಾಗಿ, ಬೋರಯ್ಯನವರು ಅದನ್ನು ತಿರುಗಿಸಿದರು. ಹಿಂಬದಿಯಲ್ಲಿ ಕೆಂಪು ಬಣ್ಣದ ೧೭ ಅಳಿಯದೆ ಉಳಿದಿತ್ತು.

"ನಿಮ್ದೇ ಮರದ್ದು ಬೋರಣ್ಣ!" ಚಿಕ್ಕಸ್ವಾಮಿ ಅರಳಿದ. "ಮುಂದಿನ ತಿಂಗ್ಳು ಕುಯ್ತೀವಿ ಅಂದಿದ್ರು. ನಾವೇ ಈ ರಸ್ತೆ ಸಾಯೇಬ್ರಿಗೆ ಕೈ ಮುಗ್ದು ನೆನ್ನೆನೇ ಕುಯ್ಸುದ್ವಿ. ನಿಮ್ಮಂತೋರ್ಗೆ ಪ್ಲಾಸ್ಟಿಕ್ಕಿಂದು ಕೊಡಾಕಾದದಾ?"

ನಿಂಗರಾಜು ಮೈಕು ತಂದು ಹಿಡಿದ. "ಮರದ ಇಸ್ಯ ಏಳ್ತೀನಿ ಅಂದ್ರಲ್ಲ, ಏಳಿ. ಎಲ್ಡು ನಿಮಿಸ."

"ನಮಸ್ಕಾರ" ಎಂದು ಬೋರಯ್ಯನವರು ಕುಳಿತರು.

ಒಂದು ನಿಮಿಷ ಐವತ್ತೆಂಟು ಸೆಕೆಂಡು ಉಳಿಯಿತು. ನಿಂಗರಾಜು ಅದನ್ನು ವಂದನಾರ್ಪಣೆಗೆ ಬಳಸಿಕೊಂಡ.